ಉಡಾಳ ಹುಡುಗನನ್ನು ಅಳೆಯುವ ಕೈಪಿಡಿ: ದೇಗಾಂವ ಆವೃತ್ತಿ

ಬಳಸುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದತಕ್ಕದ್ದು. ಪುರಸೊತ್ತು ಇಲ್ಲದವರು ಚಿಂತೆ ಮಾಡಬೇಕಾಗಿಲ್ಲ. ಹುಡುಗನ ಬಗ್ಗೆ ತೀರ್ಮಾನ ಹೇಗೂ ಮೊದಲೇ ಆಗಿರುತ್ತದೆ. ಅಳತೆ ಎಂಬುದು ಆ ತೀರ್ಮಾನಕ್ಕೆ ಆಮೇಲೆ ಹಚ್ಚುವ ರಸೀದಿ ಟಿಕೆಟ್ಟು ಮಾತ್ರ.

ಕಿತ್ತೂರು ತಾಲೂಕಿನ ದೇಗಾಂವ ಮತ್ತು ಆಚೀಚಿನ ಬೈಲಹೊಂಗಲ, ಸವದತ್ತಿ, ರಾಮದುರ್ಗ ಸೀಮೆಯ ಕಾಕಾ, ಮಾವ, ದೊಡ್ಡಪ್ಪಂದಿರಿಗಾಗಿ, ಕನ್ನಡ ಶಾಲೆಯ ಮಾಸ್ತರರಿಗಾಗಿ, ಶಾಲಾ ಅಭಿವೃದ್ಧಿ ಸಮಿತಿಯ ಸದಸ್ಯರಿಗಾಗಿ ಹಾಗೂ ಗುಡಿ ಕಟ್ಟೆಯ ಕಾಯಂ ಸದಸ್ಯರಿಗಾಗಿ ಇದನ್ನು ಸಿದ್ಧಪಡಿಸಲಾಗಿದೆ. ತಾಯಂದಿರಿಗೆ ಇದರ ಅಗತ್ಯವಿಲ್ಲ. ಅವರನ್ನು ಯಾರೂ ಕೇಳುವುದಿಲ್ಲ, ಕೇಳಿದರೆ ಅವರು ಹೇಳುವುದು ಅಳತೆಗೆ ಸಿಗುವುದಿಲ್ಲ.

ಅಳೆಯಬೇಕಾದ ವಸ್ತುವನ್ನು ಗುರುತಿಸುವುದು

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಹದಿಹರೆಯ ಎಂದರೆ 10ರಿಂದ 19 ವರ್ಷ. ದೇಗಾಂವದ ಪ್ರಕಾರ, "ಎಲ್ಲಿ ಹೊಂಟೀಲೇ?" ಎಂಬ ಪ್ರಶ್ನೆಗೆ ಹುಡುಗ "ಇಲ್ಲೇ" ಎಂದು ಉತ್ತರ ಕೊಡಲು ಶುರು ಮಾಡಿದ ದಿನದಿಂದ ಅವನ ಲಗ್ನಪತ್ರಿಕೆ ಅಚ್ಚಾಗುವ ದಿನದವರೆಗೆ. ಈ ಅವಧಿಯಲ್ಲಿ ಕೆಳಗಿನ ಲಕ್ಷಣಗಳು ಕಂಡರೆ ಅವನು ಉಡಾಳ ಎಂದು ತಿಳಿಯತಕ್ಕದ್ದು: ತಲೆಯ ಎರಡೂ ಬದಿ ಬೋಳಿಸಿ ನಡುವೆ ಮಾತ್ರ ಕೂದಲು ಬಿಟ್ಟಿರುವುದು, ಗಾಡಿಯ ಸೈಲೆನ್ಸರ್ ಬದಲಿಸಿರುವುದು, ಮೊದಲ ಕೂಗಿಗೆ ಓಗೊಡದೆ ಎರಡನೆಯದಕ್ಕೆ ಫೋನಿನಿಂದ ಕಣ್ಣೆತ್ತದೆ "ಆಂ?" ಎನ್ನುವುದು, ಕಬ್ಬಿನ ಟ್ರ್ಯಾಕ್ಟರಿನ ಇಂಜಿನ್ನಿನ ಮೇಲೆ, ಡ್ರೈವರನ ಪಕ್ಕ ಕೂತು, ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆವರೆಗೆ ಹಾಡು ಹಚ್ಚಿಕೊಂಡು ಹೋಗಿ ಬರುವುದು.

ಇಲ್ಲೊಂದು ತೊಡಕಿದೆ. ಮನೋವೈದ್ಯರು ಕೈಯಲ್ಲಿ ಹಿಡಿಯುವ ಡಿಎಸ್‌ಎಂ-5 ಎಂಬ ಪುಸ್ತಕ, ನಡವಳಿಕೆಯ ತೊಂದರೆ ಎಂದು ಕಾಯಿಲೆಯ ಹೆಸರು ಬರೆಯಬೇಕಾದರೆ 15 ಲಕ್ಷಣಗಳ ಪಟ್ಟಿಯಲ್ಲಿ ಕಡಿಮೆಯೆಂದರೆ 3 ಹಿಂದಿನ 12 ತಿಂಗಳಲ್ಲಿ ಕಂಡಿರಬೇಕು ಎನ್ನುತ್ತದೆ. ಆಯುಧ ಹಿಡಿದು ಹೊಡೆಯುವುದು, ಪ್ರಾಣಿಗಳನ್ನು ಹಿಂಸಿಸುವುದು, ಹಾನಿ ಮಾಡಲೆಂದೇ ಬೆಂಕಿ ಹಚ್ಚುವುದು, ಮನೆ ಮುರಿದು ಕದಿಯುವುದು ಇಂಥವೆಲ್ಲ ಅದರಲ್ಲಿವೆ. ಕಟಿಂಗ್ ಅದರಲ್ಲಿಲ್ಲ. "ಆಂ?" ಕೂಡ ಇಲ್ಲ. ಮುದ್ರಣದೋಷ ಇರಬಹುದು.

ಟೆರಿ ಮೊಫಿಟ್ ಎಂಬ ಮನೋವಿಜ್ಞಾನಿ 1993ರಲ್ಲಿ ಬರೆದ ಒಂದು ಲೇಖನ ಇನ್ನೂ ಕಿರಿಕಿರಿಯದು. ಚಿಕ್ಕಂದಿನಿಂದಲೇ ಶುರುವಾಗಿ ದೊಡ್ಡವರಾದ ಮೇಲೂ ಬಿಡದ ಕೆಡುಕುತನ ಕೆಲವೇ ಮಂದಿಯದು, ಹದಿಹರೆಯಕ್ಕೆ ಬಂದು ಹದಿಹರೆಯದೊಂದಿಗೇ ಹೋಗುವ ಪುಂಡಾಟ ಬಹಳ ಮಂದಿಯದು ಎಂದು ಆಕೆ ಎರಡು ದಾರಿ ಬೇರ್ಪಡಿಸಿದರು. ಇದನ್ನು ನಮ್ಮ ಅಜ್ಜಂದಿರು ಮೀಸೆ ಬಂದವನಿಗೆ ದೇಶ ಕಾಣದು ಎಂದು ಮೊದಲೇ ಹೇಳಿ ಮುಗಿಸಿದ್ದರು. ಆದರೆ ಗಾದೆಯನ್ನು ನಾವು ಬೈಯಲು ಬಳಸುತ್ತೇವೆ. ಮೀಸೆ ಹಳತಾದ ಮೇಲೆ ದೇಶ ಕಂಡೇ ಕಾಣುತ್ತದೆ ಎಂಬ ಅದರ ಇನ್ನೊಂದು ಅರ್ಥವನ್ನು ಅಳತೆಯ ಹೊತ್ತಿಗೆ ಮರೆಯತಕ್ಕದ್ದು.

ಸಾಮಗ್ರಿ

ಕಟ್ಟೆ, ಒಂದು. ಚಹಾ, ಅರ್ಧ ಅರ್ಧ ಕಪ್ಪು. ಜೊತೆಗೆ ಬೇಕೆನಿಸಿದರೆ ವಿದ್ಯಾವಂತರ ಫಾರ್ಮುಗಳೂ ಇವೆ.

ಅತಿ ಹಳೆಯದು ಎಡ್ಗರ್ ಡಾಲ್ ಎಂಬವರು ಅಮೆರಿಕದ ವೈನ್‌ಲ್ಯಾಂಡ್ ಊರಿನ ಶಾಲೆಯಲ್ಲಿ 1935ರಲ್ಲಿ ಮಾಡಿದ ಸಾಮಾಜಿಕ ಪ್ರಬುದ್ಧತೆಯ ಮಾಪನ. ಅದನ್ನು ನಾಗಪುರದಲ್ಲಿ ಎ.ಜೆ. ಮಾಲಿನ್ ನಮ್ಮ ದೇಶದ ಮಕ್ಕಳಿಗೆ ಹೊಂದಿಸಿದರು. 89 ಪ್ರಶ್ನೆಗಳು, ಹುಟ್ಟಿದಂದಿನಿಂದ 15 ವರ್ಷದವರೆಗೆ. ತಾನೇ ಉಣ್ಣುತ್ತಾನೆಯೇ, ತಾನೇ ಬಟ್ಟೆ ಹಾಕಿಕೊಳ್ಳುತ್ತಾನೆಯೇ, ಒಬ್ಬನೇ ಊರಲ್ಲಿ ಓಡಾಡುತ್ತಾನೆಯೇ, ಹೇಳಿದ ಸಾಮಾನು ತರುತ್ತಾನೆಯೇ ಎಂಬ ಜಾತಿಯವು. ರಾತ್ರಿ ತ್ರೀ ಫೇಸ್ ಕರೆಂಟು ಬಂದಾಗ ಒಬ್ಬನೇ ಹೊಲಕ್ಕೆ ಹೋಗಿ ಮೋಟಾರು ಚಾಲೂ ಮಾಡಿ, ಬೆಳಗಿನ ಮಟ ಕಬ್ಬಿಗೆ ನೀರು ಹಾಯಿಸಿ, ಏಳೂವರೆಗೆ ಮುಖ ತೊಳೆದು ಶಾಲೆಯ ಬಸ್ಸು ಹಿಡಿಯುವ ಹುಡುಗನಿಗೆ ಈ ಮಾಪನದಲ್ಲಿ ಅಂಕಗಳು ಬೇಗನೆ ಮುಗಿದುಹೋಗುತ್ತವೆ. ಆದ್ದರಿಂದ ಇದು ನಮ್ಮ ಉದ್ದೇಶಕ್ಕೆ ಒಗ್ಗದು.

ಎರಡನೆಯದು ರಾಬರ್ಟ್ ಗುಡ್‌ಮನ್ ಎಂಬ ಇಂಗ್ಲೆಂಡಿನ ಮಕ್ಕಳ ಮನೋವೈದ್ಯರು 1997ರಲ್ಲಿ ಪ್ರಕಟಿಸಿದ, ಮಕ್ಕಳ ಗಟ್ಟಿತನ ಮತ್ತು ತೊಂದರೆಗಳನ್ನು ಕೇಳುವ ಫಾರ್ಮು. ಇದರಲ್ಲಿ 25 ವಾಕ್ಯಗಳು. ಪ್ರತಿಯೊಂದರ ಮುಂದೆ ಮೂರು ಮನೆ: ನಿಜವಲ್ಲ, ಸ್ವಲ್ಪ ನಿಜ, ಖಂಡಿತ ನಿಜ. ಐದೈದರ ಐದು ಗುಂಪು: ಮನಸ್ಸಿನ ನೋವು, ನಡವಳಿಕೆಯ ತಂಟೆ, ಕೂತಲ್ಲಿ ಕೂರದ ಚಡಪಡಿಕೆ, ಓರಗೆಯವರ ಜೊತೆಗಿನ ತೊಂದರೆ, ಕೊನೆಗೆ ಇನ್ನೊಬ್ಬರಿಗೆ ಒದಗುವ ಗುಣ. ಮೊದಲ ನಾಲ್ಕನ್ನು ಕೂಡಿಸಿ 40ಕ್ಕೆ ಎಣಿಸುತ್ತಾರೆ. ಐದನೆಯದನ್ನು ಇದರಲ್ಲಿ ಕೂಡಿಸುವುದೂ ಇಲ್ಲ, ಕಳೆಯುವುದೂ ಇಲ್ಲ, ಬೇರೆಯೇ ಇಡುತ್ತಾರೆ.

ನಮ್ಮ ಕಟ್ಟೆಗೆ ಅರ್ಥವಾಗದ್ದು ಈ ಕೊನೆಯ ಲೆಕ್ಕ. ತಂಟೆಕೋರನಾಗಿದ್ದು ಉಪಕಾರಿಯೂ ಆಗಿರಬಹುದು, ತಂಟೆ ಮಾಡದವನು ಒಂದು ಬಿಂದಿಗೆ ನೀರನ್ನೂ ಯಾರಿಗೂ ಎತ್ತಿಕೊಡದವನಿರಬಹುದು, ಇವು ಎರಡು ಬೇರೆ ಬೇರೆ ಅಳತೆ ಎಂದು ಗುಡ್‌ಮನ್ ಹಟ ಹಿಡಿದರು. ದೇಗಾಂವದಲ್ಲಿ ಇಷ್ಟು ಖಾನೆ ಇಟ್ಟುಕೊಳ್ಳಲು ಜಾಗವಿಲ್ಲ. ಮೊನ್ನೆ ಪಂಚಾಯ್ತಿ ನಳದ ಮುಂದೆ ಹೊಡೆದಾಡಿದ ಹುಡುಗನೇ ಮುಂದಿನ ಓಣಿಯ ಮುದುಕಿಯ ಕೊಡ ಹೊತ್ತುಕೊಂಡು ಹೋಗಿ ಇಳಿಸಿ ಬಂದರೆ ಕಟ್ಟೆಯ ಟಿಪ್ಪಣಿ ಹೀಗಿರತಕ್ಕದ್ದು: "ನೋಡ್ರಿ, ಈಗ ಹೆಂಗ ನಾಟಕ ಮಾಡ್ತಾನ."

ಯಾರನ್ನು ಕೇಳಬೇಕು

ಎಲ್ಲರನ್ನೂ ಕೇಳಿ. ಉತ್ತರಗಳು ಕೂಡುವುದಿಲ್ಲ. ಇದರಿಂದ ಗಾಬರಿಯಾಗಬಾರದು.

ಥಾಮಸ್ ಆಖೆನ್‌ಬಾಖ್ ಮತ್ತು ಸಂಗಡಿಗರು 1987ರಲ್ಲಿ 119 ಅಧ್ಯಯನಗಳನ್ನು ಒಟ್ಟಿಗೆ ಹಾಕಿ, ಒಂದೇ ಮಗುವಿನ ಬಗ್ಗೆ ಬೇರೆ ಬೇರೆಯವರು ಹೇಳುವುದು ಎಷ್ಟು ಹೊಂದುತ್ತದೆ ಎಂದು ಲೆಕ್ಕ ಹಾಕಿದ್ದರು. ಪೂರ್ತಿ ಹೊಂದಿದರೆ 1, ಸಂಬಂಧವೇ ಇಲ್ಲದಿದ್ದರೆ 0. ಅಪ್ಪ ಮತ್ತು ಅವ್ವ, ಅಥವಾ ಇಬ್ಬರು ಮಾಸ್ತರರು, ಹೀಗೆ ಒಂದೇ ಜಾಗದಿಂದ ನೋಡುವವರ ನಡುವೆ ಹೊಂದಾಣಿಕೆ ಸರಾಸರಿ 0.60. ಮನೆಯವರು ಮತ್ತು ಮಾಸ್ತರರಂಥ ಬೇರೆ ಬೇರೆ ಜಾಗದವರ ನಡುವೆ 0.28. ಹುಡುಗ ತನ್ನ ಬಗ್ಗೆ ತಾನು ಹೇಳಿಕೊಂಡದ್ದಕ್ಕೂ ಉಳಿದವರು ಅವನ ಬಗ್ಗೆ ಹೇಳಿದ್ದಕ್ಕೂ 0.22. ಯಾರೋ ಸುಳ್ಳು ಹೇಳುತ್ತಿದ್ದಾರೆ ಎಂದು ಇದರ ಅರ್ಥವಲ್ಲ. ಹುಡುಗ ಮನೆಯಲ್ಲಿ ಒಬ್ಬ, ಶಾಲೆಯಲ್ಲಿ ಒಬ್ಬ, ಗೆಳೆಯರಲ್ಲಿ ಮತ್ತೊಬ್ಬ. ಯಾರು ಎಲ್ಲಿ ನಿಂತು ನೋಡಿದರೋ ಅಲ್ಲಿನವನನ್ನು ಹೇಳಿದರು. ಕೇಳುವವನು ಆ ವ್ಯತ್ಯಾಸವನ್ನೇ ಬರೆದುಕೊಳ್ಳಬೇಕು, ಅದರಲ್ಲೇ ಸಂಗತಿ ಇದೆ ಎನ್ನುತ್ತಾರೆ ಬಲ್ಲವರು.

ದೇಗಾಂವ ವಿಧಾನ ಸರಳ. ಮಾಸ್ತರರು "ಕ್ಲಾಸಿನಾಗ ಬಾಯಿನ ತೆಗಿಯಂಗಿಲ್ರಿ" ಎಂದರು. ಅವ್ವ "ಮನಿಯಾಗ ಬಾಯಿ ಮುಚ್ಚಂಗಿಲ್ರಿ" ಎಂದಳು. ಎರಡನ್ನೂ ಬರೆದುಕೊಂಡು ಕೆಳಗೆ ಹೀಗೆ ಸೇರಿಸಿ: "ಎರಡೂ ಕಡೆ ದೋಷ ಇದೆ."

ಎಲ್ಲಿ ನಿಂತು ನೋಡಬೇಕು

ಉತ್ತಮ ಜಾಗವೆಂದರೆ ಕಮಲನಾರಾಯಣ ಗುಡಿ. ಗೋವೆಯ ಕದಂಬರ ಅರಸ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ 12ನೆಯ ಶತಮಾನದಲ್ಲಿ ಇದನ್ನು ಕಟ್ಟಿಸಿದಳು. ತಿಪ್ಪೋಜನೆಂಬ ಶಿಲ್ಪಿ ಕಟ್ಟಿದ. ಮೂರು ಗರ್ಭಗುಡಿ, ಕಡೆದ ಕಂಬಗಳು, ಬಿಸಿಲಲ್ಲೂ ತಂಪಿರುವ ಒಳಗು. ಊರ ಹುಡುಗರು ಇಲ್ಲಿ ಫೋನು ಹಿಡಿದು ಕೂರುತ್ತಾರೆ. ದೂರದಿಂದ ನೋಡಿದವರಿಗೆ ಕಾಣುವುದು: ನಾಲ್ಕು ಜನ ಉಡಾಳರು, ಕೆಲಸವಿಲ್ಲದೆ, ಪುರಾತನ ಸ್ಮಾರಕದಲ್ಲಿ ರೀಲ್ಸ್ ನೋಡುತ್ತಿದ್ದಾರೆ. ಅಳತೆ ಮುಗಿಯಿತು.

ಹತ್ತಿರ ಹೋಗಿ ಕೂರಬಾರದು. ಕೂತರೆ ಬೇಡದ್ದೆಲ್ಲ ಕಾಣುತ್ತದೆ. ಹೊರಗಿನಿಂದ ಯಾರಾದರೂ ಗುಡಿ ನೋಡಲು ಕಾರಿನಲ್ಲಿ ಬಂದರೆ ಆ ನಾಲ್ವರಲ್ಲಿ ಒಬ್ಬ ಎದ್ದು, ಚಪ್ಪಲಿ ಬಿಡುವ ಜಾಗ ತೋರಿಸಿ, ರಾಣಿಯ ಹೆಸರು ಹೇಳಿ, ಪೂಜಾರಿಯ ಮನೆಗೆ ಓಡಿಹೋಗಿ ಅವರನ್ನು ಕರೆತರುತ್ತಾನೆ. ಕೊಟ್ಟ ಹಣ ಬೇಡವೆನ್ನಲು ಸಂಕೋಚ, ತಗೊಳ್ಳಲು ಅದಕ್ಕಿಂತ ಸಂಕೋಚ. ಆ ಗೊಂದಲದಲ್ಲಿ ಕತ್ತು ಕೆರೆದುಕೊಳ್ಳುತ್ತಾನೆ. ಅಪರಿಚಿತರೊಡನೆ ಮಾತು ಶುರು ಮಾಡುವುದು, ಎದುರಿನವನಿಗೆ ಏನು ಬೇಕೆಂದು ಊಹಿಸುವುದು, ಕೊಡು-ಕೊಳ್ಳುವಲ್ಲಿ ಮುಜುಗರ ದಾಟುವುದು, ಇವೇ ಆ ದೊಡ್ಡ ಫಾರ್ಮುಗಳು ಹುಡುಕುವ ಕೌಶಲಗಳು. ಫಾರ್ಮು ಮಾತ್ರ ಗುಡಿಗೆ ಬಂದಿರಲಿಲ್ಲ.

ಕಿತ್ತೂರು ಬಸ್‌ಸ್ಟ್ಯಾಂಡನ್ನೂ ಬಿಡತಕ್ಕದ್ದು. ಅಲ್ಲಿ ಸಂಜೆ ಐದಕ್ಕೆ ವಾಯವ್ಯ ಸಾರಿಗೆಯ ಒಂದು ಬಸ್ಸಿಗೆ ಎರಡು ಬಸ್ಸಿನ ಜನ. 2023ರ ಜೂನ್‌ನಲ್ಲಿ ಪುಕ್ಕಟೆ ಬಸ್ಸಿನ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳು ಧೈರ್ಯವಾಗಿ ಊರು ಬಿಟ್ಟು ಹೊರಡುತ್ತಾರೆ, ಒಳ್ಳೆಯದೇ. ಶಾಲೆ ಬಿಟ್ಟ ಹುಡುಗರಿಗೆ ಬಾಗಿಲೇ ಗತಿ. ಕಿಟಕಿಯಿಂದ ಚೀಲ ಎಸೆದು ಸೀಟು ಹಿಡಿದವನು, ಕೂಸು ಹೊತ್ತ ಹೆಂಗಸಿಗೆ "ಕುಂಡ್ರ್ರಿ ಯಕ್ಕಾ" ಎಂದು ಬಿಟ್ಟುಕೊಟ್ಟು, ಕಂಡಕ್ಟರ್ ಪಾಸು ಕೇಳಿದಾಗ "ಮನಿಯಾಗ ಐತ್ರಿ ಸಾಹೇಬ್ರ, ನಾಳೆ ತೋರಿಸ್ತೀನ್ರಿ" ಎಂದು ಒಪ್ಪಿಸಿ, ಅರ್ಧ ದಾರಿಯಲ್ಲಿ ಅದೇ ಕಂಡಕ್ಟರನಿಗೆ ಚಿಲ್ಲರೆ ಒದಗಿಸಿ ಇಳಿಯುತ್ತಾನೆ. ಇಷ್ಟನ್ನು ಒಬ್ಬ ಜಿಲ್ಲಾಧಿಕಾರಿ ಮಾಡಿದರೆ ಅದಕ್ಕೆ ಸಂಧಾನ ಚಾತುರ್ಯ ಎನ್ನುತ್ತಾರೆ.

ಜಾತ್ರೆಯ ಪಂಕ್ತಿಯಂತೂ ಪೂರ್ತಿ ನಿಷಿದ್ಧ. ವರ್ಷವಿಡೀ ಯಾವ ಕೆಲಸಕ್ಕೂ ಬಾರದವನೆಂದು ಬರೆದಿಟ್ಟ ಹುಡುಗ ಅವತ್ತು ಲುಂಗಿ ಎತ್ತಿ ಕಟ್ಟಿ ಹುಗ್ಗಿಯ ಬಕೆಟ್ಟು ಹಿಡಿದು ನೀಡಲು ನಿಂತಿರುತ್ತಾನೆ. ಪಂಕ್ತಿಗೆ ನೀಡುವುದು ಏನೆಂದು ನೀಡಿದವರಿಗೇ ಗೊತ್ತು. ಬೇಡ ಎನ್ನುವವರಲ್ಲಿ ನಿಜಕ್ಕೂ ಬೇಡದವರು ಯಾರು, ಇನ್ನೊಮ್ಮೆ ಅನ್ನಿಸಿಕೊಳ್ಳಬೇಕೆಂದು ಕಾಯುವವರು ಯಾರು. ಸಕ್ಕರೆ ಕಾಯಿಲೆಯ ಅಜ್ಜ ಸೊಸೆ ನೋಡದಾಗ ಎಲೆ ಮುಂದೆ ಸರಿಸಿದರೆ ಎಷ್ಟು ಹಾಕಬೇಕು. ತುದಿಯಲ್ಲಿ ಕೂತ ಸಣ್ಣ ಹುಡುಗರಿಗೆ ಬಕೆಟ್ಟು ಬರುವ ಮೊದಲೇ ತಳ ಕಾಣಬಾರದು. ದೊಡ್ಡ ಮನೆಯ ಬೀಗರು ಕೂತ ಕಡೆ ಮೊದಲು ಹೋಗು ಎಂದು ಹಿರಿಯರು ಕಣ್ಣು ಮಾಡಿದರೆ, ಹೋಗಿಯೂ ಹೋಗದಂತೆ ಸಾಲು ಹಿಡಿದೇ ಬರಬೇಕು. ತುಪ್ಪದ ಗಿಂಡಿ ಹಿಡಿದವನು ಹಿಂದೆ ಬೀಳುತ್ತಿದ್ದರೆ ತಾನು ನಿಧಾನಿಸಬೇಕು. ಬಿಸಿ ಹುಗ್ಗಿ ಒಬ್ಬರ ಕೈಮೇಲೆ ಬಿತ್ತು. "ತಪ್ಪಾತ್ರಿ ಕಾಕಾ" ಎಂದು ಕೂಡಲೇ ನೀರು ಸುರಿಯಬೇಕು, ಅಂದವರ ಮಾತು ನುಂಗಬೇಕು, ಮುಂದಿನ ಎಲೆಗೆ ನಗುತ್ತ ಹೋಗಬೇಕು. ಎರಡು ತಾಸಿನಲ್ಲಿ ಸಾವಿರ ಸಣ್ಣ ನಿರ್ಧಾರ. ಯಾವ ಪ್ರಶ್ನಾವಳಿಯೂ ಇದನ್ನು ಕೇಳುವುದಿಲ್ಲ, ನಾವೂ ಕೇಳುವುದಿಲ್ಲ. ಉಂಡು, ಕೈ ತೊಳೆದು, "ಈ ವರ್ಷ ಹುಗ್ಗಿ ಚಲೋ ಆಗಿತ್ತು" ಎಂದು ಅಡುಗೆಯವರನ್ನು ಹೊಗಳಿ ಮನೆಗೆ ಬರುತ್ತೇವೆ.

ಬರುವುದಿಲ್ಲವೋ, ಮಾಡುವುದಿಲ್ಲವೋ

ಈ ವಿಭಾಗವನ್ನು ಹಾರಿಸಿದರೂ ನಡೆಯುತ್ತದೆ, ಎಲ್ಲರೂ ಹಾರಿಸುತ್ತಾರೆ.

ಫ್ರಾಂಕ್ ಗ್ರೆಶಮ್ ಎಂಬವರು 1980ರ ದಶಕದ ಆರಂಭದಿಂದಲೂ ಒಂದು ಮಾತನ್ನು ಸಾಧಿಸುತ್ತ ಬಂದರು: ಕೌಶಲ ಇಲ್ಲದಿರುವುದು ಬೇರೆ, ಇದ್ದ ಕೌಶಲವನ್ನು ಬಳಸದಿರುವುದು ಬೇರೆ. ಮೊದಲನೆಯವನಿಗೆ ಕಲಿಸಬೇಕು. ಎರಡನೆಯವನಿಗೆ ಕಲಿಸಲು ಹೋದರೆ ಅವನು ಆಕಳಿಸುತ್ತಾನೆ. ಅಲ್ಲಿ ನೋಡಬೇಕಾದ್ದು ಅವನು ಯಾಕೆ ಬಳಸುತ್ತಿಲ್ಲ, ಬಳಸಿದರೆ ಅವನಿಗೆ ಸಿಗುವುದೇನು, ತಡೆಯುತ್ತಿರುವುದೇನು ಎಂಬುದನ್ನು.

ಪಂಕ್ತಿಯಲ್ಲಿ "ತಪ್ಪಾತ್ರಿ ಕಾಕಾ" ಎಂದ ಬಾಯಿಗೇ ಮನೆಯಲ್ಲಿ ಅಪ್ಪನ ಮುಂದೆ ಆ ಮೊದಲ ಶಬ್ದ ಬರುವುದಿಲ್ಲ. ಅಲ್ಲಿಗೆ ಕ್ಷಮೆ ಕೇಳುವ ಕೌಶಲ ಅವನಲ್ಲಿದೆ ಎಂದು ಗೊತ್ತಾಯಿತು. ಕೇಳದಿರುವುದಕ್ಕೆ ಕಾರಣ ಅವನಲ್ಲಷ್ಟೇ ಇರಲಾರದು. ತಪ್ಪಾಯಿತು ಎಂದರೆ ಆ ಮನೆಯಲ್ಲಿ ಏನಾಗುತ್ತದೆ? ಮಾತು ಅಲ್ಲಿಗೆ ನಿಲ್ಲುತ್ತದೆಯೋ, ಅಥವಾ "ಅಂದ್ರ ಒಪ್ಪಿಕೊಂಡ್ಯಲ್ಲ!" ಎಂದು ಅಸಲಿ ಬೈಗುಳ ಅಲ್ಲಿಂದ ಶುರುವಾಗುತ್ತದೆಯೋ? ಎರಡನೆಯದಾದರೆ ಬಾಯಿ ಮುಚ್ಚಿ ನಿಲ್ಲುವುದು ಬುದ್ಧಿವಂತಿಕೆ. ಆದರೆ ಈ ದಾರಿಯಲ್ಲಿ ಮುಂದೆ ಹೋದರೆ ಅಪ್ಪನನ್ನೂ ಅಳೆಯಬೇಕಾಗುತ್ತದೆ. ಈ ಕೈಪಿಡಿಯ ವ್ಯಾಪ್ತಿಗೆ ಅದು ಬರುವುದಿಲ್ಲ.

ಅಭಿನಯ ಪರೀಕ್ಷೆ

ಕೆಲವು ಪಟ್ಟಣದ ತಜ್ಞರು ಹುಡುಗನನ್ನು ಎದುರು ಕೂರಿಸಿ, "ನಿನ್ನ ಗೆಳೆಯ ಕೇಳದೆ ನಿನ್ನ ಸೈಕಲ್ಲು ಒಯ್ದಿದ್ದಾನೆ ಎಂದುಕೋ, ನಾನೇ ಆ ಗೆಳೆಯ, ಏನನ್ನುತ್ತೀ ಅನ್ನು" ಎಂದು ಆಡಿಸಿ ನೋಡುತ್ತಾರೆ. ಅಮೆರಿಕದಲ್ಲಿ ಅಲನ್ ಬೆಲ್ಲಾಕ್, ಮಿಷೆಲ್ ಹರ್ಸನ್ ಮತ್ತು ಜೊತೆಗಾರರು 1970ರ ದಶಕದ ಕೊನೆಗೇ ಇದರ ಬೆನ್ನುಹತ್ತಿ, ಕೋಣೆಯೊಳಗೆ ಆಡಿ ತೋರಿಸಿದ್ದಕ್ಕೂ ಹೊರಗೆ ನಿಜವಾಗಿ ನಡೆದುಕೊಂಡದ್ದಕ್ಕೂ ಹೇಳಿಕೊಳ್ಳುವಂಥ ತಾಳೆ ಇಲ್ಲವೆಂದು ಕಂಡಿದ್ದರು.

ಅವರು ಬೈಲಹೊಂಗಲಕ್ಕೆ ಬಂದಿದ್ದರೆ ಅಷ್ಟು ಶ್ರಮ ಬೀಳುತ್ತಿರಲಿಲ್ಲ. ಇದು ಸಂಗ್ಯಾ-ಬಾಳ್ಯಾ ಸಣ್ಣಾಟದ ಸೀಮೆ. ಗೆಳೆಯನಿಗೆ ಗೆಳೆಯ ಎರಡು ಬಗೆಯುವುದನ್ನು ಹಲಗೆಯ ಮೇಲೆ ನೋಡುತ್ತ ಬೆಳೆದ ಹುಡುಗನಿಗೆ "ನಾನೇ ನಿನ್ನ ಗೆಳೆಯ ಎಂದುಕೋ" ಅಂದರೆ ಸಾಕು. ಕಣ್ಣಲ್ಲಿ ನೀರು ತರಿಸಿ, ತಜ್ಞರ ಕೈ ಹಿಡಿದು, ಒಳ್ಳೆಯ ಗೆಳೆತನದ ಬಗ್ಗೆ ನಾಲ್ಕು ಮಾತು ಹೇಳಿ, ಪೂರ್ತಿ ಅಂಕ ತಗೊಂಡು ಹೊರಗೆ ಬಂದು ಸೈಕಲ್ಲು ಒಯ್ದವನ ಅಂಗಿ ಹಿಡಿಯುತ್ತಾನೆ.

ದುರುಗುಟ್ಟಿ ನೋಡುವ ಪರೀಕ್ಷೆ

ನಮ್ಮ ಕಡೆಯ ಹದಿಹರೆಯದ ಹೊಡೆದಾಟಗಳಲ್ಲಿ ಎಷ್ಟೋ ಶುರುವಾಗುವುದು ಎರಡೇ ಶಬ್ದದಿಂದ: "ಯಾಕ ನೋಡ್ತಿ?" ನೋಡಿದವನು ಬಸ್ಸಿನ ಬೋರ್ಡು ನೋಡುತ್ತಿದ್ದಿರಬಹುದು.

ಕೆನೆತ್ ಡಾಡ್ಜ್ 1980ರಲ್ಲಿ ಇದರ ಮೇಲೆ ಒಂದು ಜಾಣ ಪ್ರಯೋಗ ಮಾಡಿದರು. ಹುಡುಗರು ತುಂಡು ಜೋಡಿಸಿ ಏನನ್ನೋ ಮಾಡುತ್ತಿರುವಾಗ, ಪಕ್ಕದ ಕೋಣೆಯಲ್ಲಿ ಇನ್ನೊಬ್ಬ ಹುಡುಗ ಅದನ್ನು ಕೆಡವಿದನೆಂದು ಅವರಿಗೆ ತಿಳಿಯುವಂತೆ ಏರ್ಪಾಡು. ಬೇಕೆಂದೇ ಕೆಡವಿದ ಎಂದು ಸ್ಪಷ್ಟವಾಗಿದ್ದಾಗ ಜಗಳಗಂಟರಿಗೂ ಉಳಿದವರಿಗೂ ಸಿಟ್ಟು ಬಂತು. ಸಹಾಯ ಮಾಡಲು ಹೋಗಿ ಕೆಡವಿದ ಎಂದು ಸ್ಪಷ್ಟವಾಗಿದ್ದಾಗ ಇಬ್ಬರೂ ತಡೆದುಕೊಂಡರು. ಯಾಕೆ ಕೆಡವಿದ ಎಂಬುದು ಗೊತ್ತಾಗದಿದ್ದಾಗ ಮಾತ್ರ ಬೇರೆಯಾದರು: ಜಗಳಗಂಟ ಹುಡುಗರು ಬೇಕೆಂದೇ ಮಾಡಿದ ಎಂದು ನಂಬಿಕೊಂಡು ನಡೆದುಕೊಂಡರು, ಉಳಿದವರು ಇರಲಿ ಬಿಡು ಎಂದರು. ಅಂದರೆ ಕೊರತೆ ಇರುವುದು ಕೈಯಲ್ಲಲ್ಲ. ಮಬ್ಬಿನಲ್ಲಿ ಕಂಡದ್ದನ್ನು ಓದುವ ರೀತಿಯಲ್ಲಿ.

ಇದನ್ನು ಅಳೆಯುವವರ ಮೇಲೂ ಪ್ರಯೋಗಿಸಿ ನೋಡಬಹುದು. ಮಧ್ಯಾಹ್ನ ಮೂರು ಗಂಟೆ. ಶಾಲೆಯ ಕಂಪೌಂಡಿನ ಹೊರಗೆ ಹುಡುಗ ಒಬ್ಬನೇ ನಿಂತಿದ್ದಾನೆ. ಯಾಕೆ ನಿಂತಿದ್ದಾನೆ? ತಂಗಿಯನ್ನು ಕರೆದೊಯ್ಯಲು ಬಂದಿರಬಹುದು. ಫೀಸು ಕಟ್ಟಿಲ್ಲವೆಂದು ಒಳಗೆ ಹೋಗಲು ಹಿಂಜರಿಯುತ್ತಿರಬಹುದು. ನಿಮ್ಮ ಮನಸ್ಸಿಗೆ ಮೊದಲು ಬಂದ ಉತ್ತರವನ್ನು ಪಕ್ಕದ ಖಾನೆಯಲ್ಲಿ ಬರೆಯಿರಿ. ಯಾರಿಗೂ ತೋರಿಸಬೇಡಿ.

ಅಂಕ ಕೊಡುವುದು

ಅಂಕ ಕೊಡುವಾಗ ಪಂಚಾಂಗ ಮತ್ತು ಪಹಣಿ ಪತ್ರಿಕೆ ಎರಡೂ ಮುಂದಿರಬೇಕು.

ಪಂಚಾಂಗ ಯಾಕೆಂದರೆ, ಹೋಳಿ ಹುಣ್ಣಿಮೆಯ ಹಿಂದಿನ ರಾತ್ರಿ ಕಟ್ಟಿಗೆ, ಕುಳ್ಳು ಕದಿಯುವುದು ಪದ್ಧತಿ. ಬಾಯಿ ಬಡಿದುಕೊಳ್ಳುವುದು ಆಚರಣೆ. ಅವತ್ತು ಮುರುಕು ಬಾಗಿಲನ್ನೂ ಬಿಡದೆ ಹೊತ್ತೊಯ್ದವನು ಹುರುಪಿನ ಹುಡುಗ. ಒಂದು ವಾರ ಬಿಟ್ಟು ಒಂದು ಕುಳ್ಳು ಮುಟ್ಟಿದರೆ ಕಳ್ಳ. ಅದೇ ರೀತಿ ವಿಜಯದಶಮಿಯ ಸಂಜೆ ಬನ್ನಿ ಕೊಟ್ಟು "ಬಂಗಾರದಂಗ ಇರೋಣ್ರಿ" ಎಂದು ಕಾಲು ಮುಟ್ಟಿದವನಿಗೆ ಆ ವರ್ಷದ ಹಳೆಯ ಬಾಕಿ ಅರ್ಧ ಮನ್ನಾ. ಆ ಸಂಜೆ ಯಾವ ಹುಡುಗ ಯಾರ ಮನೆಯ ಬಾಗಿಲು ತಪ್ಪಿಸಿ ಮುಂದೆ ಹೋದ, ಮಾತು ಬಿಟ್ಟವರ ಅಂಗಳದ ಮುಂದೆ ಯಾರು ಬನ್ನಿ ಹಿಡಿದುಕೊಂಡು ಹೆಜ್ಜೆ ನಿಧಾನ ಮಾಡಿದ ಎಂದು ನೋಡಿದರೆ ವರ್ಷದ ಫಾರ್ಮುಗಳೆಲ್ಲ ಹೇಳದ್ದು ತಿಳಿಯುತ್ತದೆ. ನನ್ನ ಮಟ್ಟಿಗೆ ಈ ನಾಡಿನ ಅತ್ಯುತ್ತಮ ಸಾಮಾಜಿಕ ಕೌಶಲ ಪರೀಕ್ಷೆ ಅದು. ಹಿರಿಯರೂ ಅದೇ ಸಂಜೆ ಅದೇ ಪರೀಕ್ಷೆಗೆ ಕೂರುತ್ತಾರೆ, ಫೇಲೂ ಆಗುತ್ತಾರೆ.

ಪಹಣಿ ಯಾಕೆಂದರೆ, ಸೈಲೆನ್ಸರ್ ತೆಗೆದ ಗಾಡಿಯ ಸದ್ದಿಗೆ ಎರಡು ಹೆಸರಿವೆ. ಅಪ್ಪನ ಹೆಸರಿಗೆ ಹದಿನಾರು ಎಕರೆ ನೀರಾವರಿ ಇದ್ದರೆ ಅದು ಹುಡುಗಾಟಿಕೆ. ಅಪ್ಪ ಕಬ್ಬು ಕಡಿಯಲು ಹೋಗುವವನಾದರೆ ಸೊಕ್ಕು. ತಲೆ ತಗ್ಗಿಸದೆ ಮಾತಾಡಿದರೆ ಮೊದಲನೆಯವನು ಮುಂದೆ ಲೀಡರ್ ಆಗುವ ಹುಡುಗ, ಎರಡನೆಯವನು ಹದ ತಪ್ಪಿದವನು. ಓಣಿ ಬದಲಾದರೂ ಹೀಗೆಯೇ. ಯಾವ ಓಣಿ ಎಂದು ಬರೆಯುವ ಅಗತ್ಯವಿಲ್ಲ, ಓದುವವರಿಗೆ ಗೊತ್ತು. ನಾವು ಅಳೆಯುತ್ತಿರುವುದು ನಾಲ್ಕು ಜನರ ಜೊತೆ ಬದುಕುವ ಕಲೆಯನ್ನೋ, ನಮ್ಮ ಮುಂದೆ ಬಗ್ಗುವ ಬೆನ್ನನ್ನೋ ಎಂಬ ಸಂಶಯ ಅಳೆಯುವವರಿಗೆ ಬಂದರೆ ಇನ್ನೊಂದು ಅರ್ಧ ಕಪ್ಪು ಚಹಾ ತರಿಸಿಕೊಳ್ಳತಕ್ಕದ್ದು.

ಹುಡುಗಿಯರ ವಿಷಯ

ಹುಡುಗಿಯರಿಗೆ ಬೇರೆ ಕೈಪಿಡಿ ಬೇಕಿಲ್ಲ. ಮಾತಾಡದವಳಿಗೆ ಪೂರ್ಣಾಂಕ. ಹಟ ಮಾಡದ, ಎದುರು ಹೇಳದ, ಯಾರೊಡನೆಯೂ ಬೆರೆಯದ, ಇತ್ತೀಚೆಗೆ ಸರಿಯಾಗಿ ಉಣ್ಣದ, ಶಾಲೆಗೆ ಹೋಗಲು ಹೊಟ್ಟೆನೋವು ಎನ್ನುವ ಹುಡುಗಿ ನಮ್ಮ ಪಟ್ಟಿಯಲ್ಲಿ ಮೊದಲ ಸ್ಥಾನ: "ಹುಡುಗಿ ಭಾಳ ಶಾಣ್ಯಾ ಐತ್ರಿ, ಇದ್ದದ್ದ ಗೊತ್ತಾಗಂಗಿಲ್ಲ." ಗುಡ್‌ಮನ್ನರ ಫಾರ್ಮಿನ ಮೊದಲ ಗುಂಪು, ಮನಸ್ಸಿನ ನೋವು, ಇಂಥವಳಿಗಾಗಿಯೇ ಇದೆ. ಗದ್ದಲ ಮಾಡುವವನನ್ನು ಹತ್ತು ಮಂದಿ ಅಳೆಯುತ್ತಾರೆ. ಇವಳ ಫಾರ್ಮು ಯಾರೂ ತೆಗೆಯುವುದಿಲ್ಲ.

ರಿಪೇರಿ

ಊರಲ್ಲಿ ಲಭ್ಯವಿರುವ ರಿಪೇರಿಗಳು: ಬೆಳಗಾವಿಯ ಹಾಸ್ಟೆಲ್ಲಿಗೆ ಒಗೆಯುವುದು; ಮಿಲಿಟರಿ ಭರ್ತಿಗೆ ಕಳಿಸುವುದು; ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಕರೆದೊಯ್ಯುವುದು; ಲಗ್ನ ಮಾಡುವುದು. ಕೊನೆಯದರಲ್ಲಿ ದೋಷವು ಇನ್ನೊಂದು ಮನೆಯ ಮಗಳಿಗೆ ವರ್ಗಾವಣೆಯಾಗುತ್ತದಷ್ಟೇ, ನಿವಾರಣೆಯಾಗುವುದಿಲ್ಲ.

ಇಲ್ಲಿ ಒಂದು ನಿಮಿಷ ತಮಾಷೆ ಬದಿಗಿಡಬೇಕು. ನಿನ್ನೆಯವರೆಗೆ ನೆಟ್ಟಗಿದ್ದ ಹುಡುಗ ಇದ್ದಕ್ಕಿದ್ದಂತೆ ಬದಲಾದರೆ, ಪ್ರಾಣಿಗಳಿಗೋ ಸಣ್ಣವರಿಗೋ ಮತ್ತೆ ಮತ್ತೆ ನೋವು ಕೊಡುತ್ತಿದ್ದರೆ, ಮನೆ ಬಿಟ್ಟು ಓಡುತ್ತಿದ್ದರೆ, ಸಾಯುವ ಮಾತು ಆಡಿದರೆ, ಮೈಮೇಲೆ ತಾನೇ ಗಾಯ ಮಾಡಿಕೊಂಡಿದ್ದರೆ ಅದು ಕಟ್ಟೆಯ ಕೆಲಸವಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್‌ಗಳಿವೆ. ಇವು 2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದ ಭಾಗ. ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಇದೆ, ಕಿತ್ತೂರಿನಿಂದ ಹೆದ್ದಾರಿಯ ಬಸ್ಸು ನೇರ ಹೋಗುತ್ತದೆ. ಫೋನಿನಲ್ಲೇ ಮಾತಾಡಬೇಕೆಂದರೆ ಟೆಲಿ ಮಾನಸ್, 14416, ಕನ್ನಡದಲ್ಲೇ. ಮಗುವನ್ನು ಯಾರಾದರೂ ಹಿಂಸಿಸುತ್ತಿದ್ದರೆ 1098. ಇವುಗಳಲ್ಲಿ ಹೆಚ್ಚಿನವು ಪುಕ್ಕಟೆ ಇರುವುದರಿಂದ ಯಾರೂ ಶಿಫಾರಸು ಮಾಡುವುದಿಲ್ಲ.

ವಾರಂಟಿ ಮತ್ತು ಕಾನೂನು

ಹುಡುಗ ಪೊಲೀಸರ ಕೈಗೆ ಸಿಕ್ಕಿ ಬಾಲನ್ಯಾಯ ಮಂಡಳಿಯ ಮುಂದೆ ಹೋದರೆ ಈ ಕೈಪಿಡಿ ಅಲ್ಲಿ ನಡೆಯುವುದಿಲ್ಲ. ಅಲ್ಲಿ 2015ರ ಬಾಲನ್ಯಾಯ ಕಾಯ್ದೆ ನಡೆಯುತ್ತದೆ. ಪರಿವೀಕ್ಷಣಾಧಿಕಾರಿ ಹುಡುಗನ ಮನೆ, ಶಾಲೆ, ಗೆಳೆಯರು, ಕೆಲಸ ಎಲ್ಲ ವಿಚಾರಿಸಿ ಸಾಮಾಜಿಕ ತನಿಖಾ ವರದಿ ಕೊಡಲು ಆ ಕಾಯ್ದೆ 15 ದಿನ ಕೊಡುತ್ತದೆ. ಕಟ್ಟೆಯಲ್ಲಿ ನಾವು 15 ನಿಮಿಷದಲ್ಲಿ ಮುಗಿಸುತ್ತೇವೆ. ಇನ್ನೂ ವಿಚಿತ್ರವೆಂದರೆ, ಅದರ 3ನೆಯ ಕಲಮಿನ ಪ್ರಕಾರ ಮಗುವಿಗೆ ಸಂಬಂಧಿಸಿದ ಯಾವ ಪ್ರಕ್ರಿಯೆಯಲ್ಲೂ ದೂಷಣೆಯ ಶಬ್ದ ಬಳಸುವಂತಿಲ್ಲ. ಉಡಾಳ ಎಂಬ ಶಬ್ದ ಹೋದರೆ ಈ ಕೈಪಿಡಿಯ ಹೆಸರೇ ಹೋಯಿತು. ಅದೇ ಕಲಮಿನಲ್ಲಿ ಹೊಸ ಆರಂಭದ ತತ್ವವೂ ಇದೆ: ವಿಶೇಷ ಸಂದರ್ಭ ಬಿಟ್ಟರೆ ಮಗುವಿನ ಹಳೆಯ ದಾಖಲೆ ಅಳಿಸಿಹಾಕಬೇಕು. ದೇಗಾಂವದಲ್ಲಿ ದಾಖಲೆ ಕಾಗದದ ಮೇಲಿರುವುದಿಲ್ಲವಾದ್ದರಿಂದ ಅಳಿಸಲು ಬಾರದು. ಇವನ ಅಜ್ಜ ಯಾರ ಹಿತ್ತಲಿನ ಕುಂಬಳಕಾಯಿ ಒಯ್ದಿದ್ದ ಎಂಬುದೂ ಈ ಹುಡುಗನ ಫಾರ್ಮಿನಲ್ಲಿಯೇ ಸೇರಿದೆ.

ಫಾರ್ಮಿನ ಕೊನೆಯ ಪುಟ

ಷರಾ ಎಂದಿರುವಲ್ಲಿ "ಸುಧಾರಣೆ ಕಷ್ಟ" ಎಂದು ಬರೆಯಿರಿ. ಮೊದಲೇ ಅಚ್ಚು ಹಾಕಿಸಿಟ್ಟರೂ ಆದೀತು. ಅದರ ಕೆಳಗೆ ಅಳೆದವರ ಹೆಸರು, ಹುಡುಗನಿಗೆ ಏನಾಗಬೇಕು, ಸಹಿ ಅಥವಾ ಹೆಬ್ಬೆಟ್ಟು. ಅದಕ್ಕೂ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಕಲಂ ಇದೆ: ಸದರಿ ಹುಡುಗನೊಡನೆ ಬೈಗುಳ, ಬುದ್ಧಿಮಾತು, ಮಾರ್ಕ್ಸಿನ ವಿಚಾರಣೆ ಹಾಗೂ ಅಂಗಡಿಗೆ ಕಳಿಸುವುದು ಇವನ್ನು ಬಿಟ್ಟು ಬೇರೆ ವಿಷಯಕ್ಕೆ ಕೊನೆಯ ಸಲ ಮಾತಾಡಿದ ದಿನಾಂಕ. ಈ ಕಲಂ ಖಾಲಿ ಬಿಟ್ಟ ಫಾರ್ಮನ್ನು ಸ್ವೀಕರಿಸಲಾಗುವುದಿಲ್ಲ.